ಕ್ರಾಕೂಫ್‌ಗೆ ಬಂದ ತುಮಕೂರಿನವರಿಗೆ: ರಿನೆಕ್ ನೋಡುವ ಬಗೆ

ಪೆಸೆಲ್ ನಂಬರ್ (ಪೋಲೆಂಡಿನ ಗುರುತಿನ ಸಂಖ್ಯೆ), ವಿಳಾಸ ನೋಂದಣಿ, ಬ್ಯಾಂಕ್ ಖಾತೆ ಬಂದ ಕೂಡಲೇ ಮುಗಿಸಿಕೊಳ್ಳಿ. ಆಮೇಲೆ ಒಂದು ಬೆಳಿಗ್ಗೆಯನ್ನು ಪೂರ್ತಿ ಊರ ನಡುವಿನ ಚೌಕಕ್ಕೆ, ರಿನೆಕ್‌ಗೇ ಇಡಿ.

ಕುದುರೆಗಾಡಿಯ ಮುಂದೆ ಫೋಟೊ ತೆಗೆಸಿಕೊಂಡು ಹೊರಟುಬಿಡುವುದು ನಮ್ಮವರೆಲ್ಲ ಮಾಡುವ ತಪ್ಪು. ರಿನೆಕ್ ಎಂದರೆ ಮಾರುಕಟ್ಟೆ. ನಮ್ಮೂರ ಮಂಡಿಪೇಟೆ ಸುತ್ತಿದ ಕಾಲಿಗೆ ಇದು ಹೊಸದಲ್ಲ. 1241ರಲ್ಲಿ ಮಂಗೋಲರು ಊರನ್ನು ಹಾಳುಗೆಡವಿದರು; 1257ರಲ್ಲಿ ಅಳತೆ ಹಾಕಿ ಈ ಚೌಕ ಬಿಟ್ಟರು. ಒಂದೊಂದು ಬದಿ ಸುಮಾರು 200 ಮೀಟರ್, ಹತ್ತಿರ ಹತ್ತಿರ 10 ಎಕರೆ. ನಡುವಿನದು ಜವಳಿ ಸಾಲು, ಸುಕಿಯೆನ್ನಿತ್ಸೆ. 1555ರಲ್ಲಿ ಬೆಂಕಿ ಬಿದ್ದ ಮೇಲೆ ಮತ್ತೆ ಕಟ್ಟಿದ್ದು. ಸೂರನ್ನು ಮರೆಮಾಡುವಂತೆ ಎದ್ದಿರುವ ಆ ಎತ್ತರದ ಗೋಡೆ ಬರೀ ಅಂದಕ್ಕಲ್ಲ, ಬೆಂಕಿ ಪಕ್ಕಕ್ಕೆ ಹಾರದಿರಲೆಂದು. ತಲೆಯೆತ್ತಿ ನೋಡಿದರೆ ಮುಖ ಸೊಟ್ಟ ಮಾಡಿದ ಕಲ್ಲಿನ ತಲೆಗಳು ಕಾಣುತ್ತವೆ. ಕೆಳಗಿನ ಕಮಾನು ಸಾಲು ಮಾತ್ರ 1870ರ ದಶಕದ್ದು.

ಚೌಕದ ಆಗ್ನೇಯಕ್ಕೆ ಪುಟ್ಟ ವೊಯ್ಚೆಖ್ ಚರ್ಚ್ ಇದೆ. ದಾಟಿ ಹೋಗಿಬಿಡಬೇಡಿ. ಚೌಕಕ್ಕಿಂತ ಹಳೆಯದಾದ್ದರಿಂದ ಅದರ ಗೆರೆಗೆ ಸೇರದೆ ಓರೆಯಾಗಿ ನಿಂತಿದೆ. ಗೋಡೆಯ ಬುಡಕ್ಕೆ ಬಗ್ಗಿ ನೋಡಿ, ಈಗಿನ ನೆಲಕ್ಕಿಂತ ತಗ್ಗಿನಲ್ಲಿದೆ. ಟಾರಿನ ಮೇಲೆ ಟಾರು ಬಿದ್ದು ಮನೆಯ ಹೊಸ್ತಿಲು ರಸ್ತೆಗಿಂತ ಕೆಳಗಾದದ್ದನ್ನು ಕಂಡವರಿಗೆ ವಿವರಿಸಬೇಕಿಲ್ಲ. ಇಲ್ಲಿ ನೆಲ 2 ಮೀಟರಿಗೂ ಹೆಚ್ಚು ಏರಿದೆ. ಆ ಹಳೆಯ ಸಂತೆಯ ಕುರುಹುಗಳು 2010ರಲ್ಲಿ ತೆರೆದ ನೆಲದಡಿಯ ಮ್ಯೂಸಿಯಂನಲ್ಲಿವೆ. ಟಿಕೆಟ್ ಮೊದಲೇ ಕಾದಿರಿಸಿ.

ಆಚೆ ಬದಿಯಲ್ಲಿ ಒಂಟಿ ಗೋಪುರ, 70 ಮೀಟರ್. 1703ರ ಬಿರುಗಾಳಿಗೆ 55 ಸೆಂಟಿಮೀಟರ್ ವಾಲಿದೆ. ಅದು ಅಂಟಿಕೊಂಡಿದ್ದ ಟೌನ್‌ಹಾಲನ್ನು 1820ರಲ್ಲಿ ಕೆಡವಿದರು. ಊರಿನ ನಡು ಎಂದರೆ ಟೌನ್‌ಹಾಲ್ ಸರ್ಕಲ್ ಎಂದು ಬೆಳೆದ ನಮಗೆ ಆ ಖಾಲಿ ಜಾಗ ಕಂಡು ಹೊಟ್ಟೆ ಚುರುಕ್ ಎನ್ನುತ್ತದೆ. ಹಳೆಯದನ್ನು ಕೆಡವುವ ಅವಸರ ಎಲ್ಲ ಊರಿಗೂ ಬಂದಿತ್ತು.

ಮಕ್ಕಳಿದ್ದರೆ ಹೀಗೆ ಮಾಡಿ. 11:30ಕ್ಕೆಲ್ಲ ಮರಿಯಾ ಚರ್ಚಿನ ಒಳಗಿರಿ. ಪ್ರಾರ್ಥನೆಗೆ ಮುಂಬಾಗಿಲು, ನೋಡುವವರಿಗೆ ಟಿಕೆಟ್ ಕೊಂಡು ಪಕ್ಕದ ಬಾಗಿಲು. 1489ರಲ್ಲಿ ಮುಗಿದ ಮರದ ಕೆತ್ತನೆಯ ಪೀಠದ ರೆಕ್ಕೆಯಂಥ ಕದಗಳನ್ನು ಸಾಮಾನ್ಯವಾಗಿ 11:50ಕ್ಕೆ ಬಿಚ್ಚುತ್ತಾರೆ. ನೋಡಿದವರೇ ಹೊರಗೆ ಬನ್ನಿ. ಎರಡು ಗೋಪುರ ಸಮನಾಗಿಲ್ಲ. 82 ಮೀಟರಿನದು ಊರಿನ ಕಾವಲಿಗೆ ಇದ್ದದ್ದು. ಅಲ್ಲಿಂದಲೇ ಗಂಟೆಗೊಮ್ಮೆ ನಾಲ್ಕು ದಿಕ್ಕಿಗೂ ತುತ್ತೂರಿ. ರಾಗ ನಡುವೆಯೇ ಕಡಿಯುತ್ತದೆ. ಮಂಗೋಲರ ದಾಳಿಯಲ್ಲಿ ಊದುತ್ತಿದ್ದವನ ಗಂಟಲಿಗೆ ಬಾಣ ನಾಟಿತೆಂಬುದು ಐತಿಹ್ಯ. ಇಲ್ಲೇ ಹುಟ್ಟಿದ ಮಕ್ಕಳಿಗೆ ಈ ಕಥೆ ಶಾಲೆಯಲ್ಲೇ ಸಿಗುತ್ತದೆ, ಮಂಡಿಪೇಟೆಯ ಕಥೆ ನೀವು ಹೇಳದಿದ್ದರೆ ಎಲ್ಲೂ ಸಿಗದು. ತುತ್ತೂರಿಗೆ ಕಾಯುತ್ತ ನಿಂತಾಗ ಅದನ್ನೇ ಹೇಳಿ. ಊದಿ ಮುಗಿಸಿದವರು ಕಿಟಕಿಯಿಂದ ಕೈ ಬೀಸುತ್ತಾರೆ, ಮಕ್ಕಳೂ ಬೀಸಲಿ.