ಒಂದು ಮುಖ, ಎರಡು ಸಲ

ಹಳೆಯ ರೆಕಾರ್ಡು ಕೇಳುವ ನಮ್ಮ ಬೈಠಕ್ಕಿನಲ್ಲಿ ಒಂದು ಸಂಜೆಗೆ ಎಲ್.ಪಿ.ಯ (ಲಾಂಗ್ ಪ್ಲೇ ತಟ್ಟೆಯ) ಒಂದೇ ಮುಖ. ಅದನ್ನು ತುಟಿ ಬಿಚ್ಚದೆ ಪೂರ್ತಿ ಕೇಳುತ್ತೇವೆ, ಕಾಫಿ ಕುಡಿಯುತ್ತ ಮಾತನಾಡುತ್ತೇವೆ, ಆಮೇಲೆ ಅದೇ ಮುಖವನ್ನು ಮೊದಲಿನಿಂದ ಇನ್ನೊಮ್ಮೆ ಕೇಳುತ್ತೇವೆ. ಹೊಸದಾಗಿ ಬಂದವರು ‘ಕಪಾಟಿನ ತುಂಬ ರೆಕಾರ್ಡುಗಳಿರುವಾಗ ಒಂದನ್ನೇ ಎರಡು ಸಲ ಯಾಕೆ ಸ್ವಾಮಿ?’ ಎನ್ನುತ್ತಾರೆ. ಸಂಜೆಯೊಂದಕ್ಕೆ ಹತ್ತಾರು ತಟ್ಟೆಗಳನ್ನು ಹಾಕುತ್ತ ಹೋದರೆ ಮಾತು ‘ಇದು ನಮ್ಮ ತಾತನ ಮನೆಯಲ್ಲೂ ಇತ್ತು’ ಎಂಬಲ್ಲಿಗೇ ನಿಂತುಬಿಡುತ್ತದೆ. ಆ ನೆನಪುಗಳೂ ನನಗೆ ಪ್ರಿಯವೇ. ಆದರೆ ಎದುರಿಗೆ ತಿರುಗುತ್ತಿರುವ ತಟ್ಟೆಯಲ್ಲಿ ಏನಿದೆ ಎನ್ನುವುದನ್ನು ಮಾತನಾಡಬೇಕಾದರೆ ಅದನ್ನೇ ಮತ್ತೆ ಕೇಳದೆ ಬೇರೆ ದಾರಿ ಇಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಒಂದು ಸಂಜೆ ದೊರೆಸ್ವಾಮಿ ಅಯ್ಯಂಗಾರರ ವೀಣೆಯ ಎಲ್.ಪಿ. ಹಾಕಿದ್ದೆವು. ಮುಖ ಮುಗಿದ ಮೇಲೆ ಒಬ್ಬರು ರಾಗದ ಬಗ್ಗೆ, ಇನ್ನೊಬ್ಬರು ಮೃದಂಗದ ನಡೆಯ ಬಗ್ಗೆ ಹೇಳಿದರು. ಚಿಕ್ಕಂದಿನಲ್ಲಿ ವೀಣೆ ಕಲಿತಿದ್ದ ಗೆಳತಿ ಮಾತ್ರ, ‘ಪಕ್ಕದ ತಂತಿಗಳನ್ನು ಕೇಳಿದಿರಾ?’ ಎಂದಳು. ವೀಣೆಗೆ ನುಡಿಸುವ ತಂತಿಗಳು ನಾಲ್ಕು, ತಾಳಕ್ಕೆಂದು ಪಕ್ಕದಲ್ಲಿ ಮೂರು. ಆ ಮೂರನ್ನು ನಮ್ಮಲ್ಲಿ ಯಾರೂ ಗಮನಿಸಿರಲಿಲ್ಲ. ಎರಡನೆಯ ಸಲ ಸೂಜಿ ಇಟ್ಟಾಗ ಅವು ಎಲ್ಲರಿಗೂ ಕೇಳಿಸಿದವು. ಮೀಟುಗಳ ನಡುವಿನ ಬಿಡುವಿನಲ್ಲಿ ಕಿರುಬೆರಳು ಆ ತಂತಿಗಳನ್ನು ಎಷ್ಟು ಹಗುರವಾಗಿ ಮುಟ್ಟುತ್ತದೆ, ಎಲ್ಲಿ ಬೇಕೆಂದೇ ಮುಟ್ಟದೆ ಬಿಡುತ್ತದೆ ಎನ್ನುವುದು ತಿಳಿಯಿತು. ಅಂದಿನಿಂದ ನನಗೆ ಆ ತಂತಿಗಳಿಲ್ಲದೆ ವೀಣೆ ಕೇಳುವುದೇ ಸಾಧ್ಯವಾಗಿಲ್ಲ. ಒಬ್ಬರ ಕಿವಿ ಇನ್ನೊಬ್ಬರಿಗೆ ಹೀಗೆ ಸಿಗುವುದು ಒಟ್ಟಿಗೆ ಕುಳಿತಾಗ ಮಾತ್ರ.

ಎಲ್.ಪಿ.ಯ ಅಳತೆಯೂ ಇದಕ್ಕೆ ಒದಗಿ ಬರುತ್ತದೆ. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ಹೊರತಂದ ಈ ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಒಂದು ಮುಖಕ್ಕೆ ಇಪ್ಪತ್ತು ನಿಮಿಷದ ಆಸುಪಾಸು. ಅಷ್ಟು ಹೊತ್ತು ಹತ್ತು ಜನ ಮೊಬೈಲ್ ಮುಟ್ಟದೆ ಕೂರಬಲ್ಲರು. ಒಂದು ರಾಗ ನಿಧಾನದ ವಿಲಂಬಿತದಿಂದ ವೇಗದ ದ್ರುತಕ್ಕೆ ಏರುವುದಕ್ಕೂ ಅಷ್ಟು ಸಮಯ ಸಾಕು.

ನಾವು ಸೇರುವುದು ಬಸವನಗುಡಿಯ ನಮ್ಮ ಹಳೆಯ ಮನೆಯ ನಡುಮನೆಯಲ್ಲಿ. ಕೆಂಪು ರೆಡ್ ಆಕ್ಸೈಡ್ ನೆಲ ಗಟ್ಟಿಯಾಗಿರುವುದರಿಂದ ಯಾರಾದರೂ ನಡೆದರೂ ಸೂಜಿ ಜಿಗಿಯುವುದಿಲ್ಲ. ಆದರೆ ಅದೇ ನೆಲ, ಬೋಳು ಗೋಡೆ ಸೇರಿ ಶಬ್ದವನ್ನು ಕನ್ನಡಿಯ ಹಾಗೆ ಹಿಂದಕ್ಕೆಸೆಯುತ್ತವೆ, ತಾರಸ್ಥಾಯಿಯ ಏರುದನಿ ಕಿವಿಗೆ ಚುಚ್ಚುತ್ತದೆ. ನೆಲಕ್ಕೆ ದಪ್ಪ ಜಮಖಾನೆ ಹಾಸಿ, ಸ್ಪೀಕರಿಗೆ ಎದುರಾದ ಗೋಡೆಗೆ ಪುಸ್ತಕದ ಕಪಾಟು ಸರಿಸಿದೆವು. ಅಷ್ಟರಿಂದಲೇ ಮಾತಿನ ಅಕ್ಷರಗಳು ಬಿಡಿಬಿಡಿಯಾಗಿ ಕೇಳತೊಡಗಿದವು. ಟರ್ನ್‌ಟೇಬಲ್ ಇರುವುದು ಗೋಡೆಯಲ್ಲಿ ಹುದುಗಿಸಿದ ಕಡಪ ಕಲ್ಲಿನ ಹಲಗೆಯ ಮೇಲೆ. ಸ್ಪೀಕರುಗಳನ್ನು ಎಂದೂ ಅದೇ ಹಲಗೆಯ ಮೇಲೆ ಇಡಬಾರದು. ಅವುಗಳ ಅದುರು ಸೂಜಿಯ ಮೂಲಕ ಮತ್ತೆ ಒಳಗೆ ಬಂದು ಮಂದ್ರದ ತಗ್ಗುದನಿಯಲ್ಲಿ ಗುಂಯ್‌ಗುಡತೊಡಗುತ್ತದೆ.

ಯಂತ್ರದ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಸೂಜಿಯನ್ನು ಹಿಡಿದಿರುವ ಇಂದಿನ ಸಾಮಾನ್ಯ ಕಾರ್ಟ್ರಿಡ್ಜುಗಳಿಗೆ ಸೂಜಿಯ ಭಾರ ಒಂದೂವರೆಯಿಂದ ಎರಡು ಗ್ರಾಂ. ಅದನ್ನು ಅಳೆಯುವ ಪುಟ್ಟ ತಕ್ಕಡಿ ಸಿಗುತ್ತದೆ, ಅಳೆದೇ ಇಡಬೇಕು. ಭಾರ ತೀರಾ ಕಡಿಮೆಯಾದರೂ ತಟ್ಟೆಗೆ ಪೆಟ್ಟು, ಏಕೆಂದರೆ ಸೂಜಿ ಗೆರೆಯೊಳಗೆ ಕುಣಿದು ಗೋಡೆಗಳನ್ನು ಗೀರುತ್ತದೆ. ಫೋನೋ ಪ್ರೀಆಂಪ್ಲಿಫೈಯರ್ ಇಲ್ಲದೆ ನೇರವಾಗಿ ಆಂಪ್ಲಿಫೈಯರಿಗೆ ಸಿಕ್ಕಿಸಿದರೆ ಸದ್ದು ಪೀಚಾಗಿ ಬರುತ್ತದೆ. ತಟ್ಟೆ ಕೊರೆಯುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಏರಿಸಿರುತ್ತಾರೆ, ಅದನ್ನು ಮರಳಿ ಸರಿದೂಗಿಸುವುದು ಆ ಪೆಟ್ಟಿಗೆಯ ಕೆಲಸ.

ವೇಗದ ಬಗ್ಗೆ ಮಾತ್ರ ಹೆಚ್ಚು ಹೇಳಬೇಕು, ಏಕೆಂದರೆ ವೇಗ ತಪ್ಪಿದರೆ ಶ್ರುತಿಯೇ ತಪ್ಪುತ್ತದೆ. ನಮ್ಮ ಗುಂಪಿನ ಒಬ್ಬನ ಚಿಕ್ಕಪ್ಪ ಅಮೆರಿಕದಿಂದ ಒಂದು ಒಳ್ಳೆಯ ಹಳೆಯ ಟರ್ನ್‌ಟೇಬಲ್ ತಂದುಕೊಟ್ಟಿದ್ದರು. 110 ವೋಲ್ಟಿಗೆ ಇಳಿಸುವ ಟ್ರಾನ್ಸ್‌ಫಾರ್ಮರೂ ಜೊತೆಗಿತ್ತು. ಹಾಕಿ ನೋಡಿದರೆ ಪರಿಚಿತ ಗಾಯಕಿಯ ಕಂಠ ಗಂಡಸಿನದರಂತೆ ಭಾರವಾಗಿ ಬಂತು. ಹಾರ್ಮೋನಿಯಂ ಮುಂದಿಟ್ಟುಕೊಂಡು ಹೋಲಿಸಿದೆವು. ಕಪ್ಪು ಬಿಳಿ ಎಲ್ಲ ಸೇರಿಸಿ ಎಣಿಸಿದರೆ ಷಡ್ಜ ಮೂರು ಮನೆ ಕೆಳಗಿತ್ತು. ಗಡಿಯಾರ ನೋಡಿದರೆ ಇಪ್ಪತ್ತು ನಿಮಿಷದ ಮುಖ ಇಪ್ಪತ್ತನಾಲ್ಕು ನಿಮಿಷ ಓಡಿತು. ಕಾರಣ ಸರಳ. ಅಲ್ಲಿನ ವಿದ್ಯುತ್ತು 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಆವರ್ತ, ನಮ್ಮದು 50. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆಯೇ ಹೊರತು ಹರ್ಟ್ಸನ್ನು ಮುಟ್ಟುವುದಿಲ್ಲ. ಆ ಬಗೆಯ ಎ.ಸಿ. ಮೋಟಾರು ಹರ್ಟ್ಸ್ ಹೇಳಿದಷ್ಟೇ ತಿರುಗುತ್ತದೆ, ಹಾಗಾಗಿ ತಟ್ಟೆ ನಿಮಿಷಕ್ಕೆ 28 ಸುತ್ತನ್ನೂ ಮುಟ್ಟುತ್ತಿರಲಿಲ್ಲ. ಡಿ.ಸಿ. ಮೋಟಾರಿನ ಯಂತ್ರಗಳಿಗೆ ಈ ತೊಂದರೆ ಇಲ್ಲ.

ಪರಿಹಾರ ಮಾಡಿದವನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ನಡೆಸಿ ನಿವೃತ್ತನಾದ ಗೆಳೆಯ. ಮೋಟಾರು ಆರರಲ್ಲಿ ಐದು ಪಾಲು ತಿರುಗುತ್ತಿದ್ದರೆ ಬೆಲ್ಟ್ ಸುತ್ತುವ ಪುಲ್ಲಿಯನ್ನು ಐದಕ್ಕೆ ಆರರಂತೆ ದಪ್ಪ ಮಾಡಬೇಕು. ಲೆಕ್ಕ ಅಷ್ಟೇ. ಆದರೆ ಬೆಲ್ಟಿನ ದಪ್ಪವೂ ಅಳತೆಗೆ ಸೇರುತ್ತದೆಂದು ಅವನಿಗೆ ಗೊತ್ತಿತ್ತು, ಅದಕ್ಕೆ ಹಿತ್ತಾಳೆಯ ಪುಲ್ಲಿಯನ್ನು ಲೆಕ್ಕಕ್ಕಿಂತ ತುಸು ದಪ್ಪವಾಗಿಯೇ ಕಡೆದ. ಆಮೇಲೆ ವೇಗ ಪರೀಕ್ಷಿಸುವ 180 ಗೆರೆಗಳ ಸ್ಟ್ರೋಬ್ ಬಿಲ್ಲೆಯನ್ನು ತಟ್ಟೆಯ ಮೇಲಿಟ್ಟು, ಚೋಕ್ ಇರುವ ಹಳೆಯ ಟ್ಯೂಬ್‌ಲೈಟ್ ಹಚ್ಚಿ, ನೋಡಿ ನೋಡಿ ಸವೆಸಿದ. ನಮ್ಮ ಕರೆಂಟಿನಲ್ಲಿ ಅಂಥ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ವೇಗ ಸರಿ ಇದ್ದರೆ ಗೆರೆಗಳು ನಿಂತಂತೆ ಕಾಣುತ್ತವೆ, ಹೆಚ್ಚಾದರೆ ತಟ್ಟೆ ತಿರುಗುವ ಕಡೆಗೆ, ಕಡಿಮೆಯಾದರೆ ಹಿಂದಕ್ಕೆ ತೆವಳುತ್ತವೆ. ಮೊದಮೊದಲು ಮುಂದಕ್ಕೆ ಹರಿಯುತ್ತಿದ್ದ ಗೆರೆಗಳು ಪ್ರತಿ ಸವೆತಕ್ಕೂ ನಿಧಾನವಾಗುತ್ತ ಕೊನೆಗೆ ಅಲುಗದೆ ನಿಂತವು. ಅವನು ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡು, ‘ಈಗ ಹಾಕಪ್ಪ’ ಎಂದ. ಆ ಗಾಯಕಿ ತನ್ನ ಶ್ರುತಿಯಲ್ಲಿ ಹಾಡಿದಳು. (ಹೊಸ ಎಲ್.ಇ.ಡಿ. ದೀಪದ ಕೆಳಗೆ ಈ ಪರೀಕ್ಷೆ ಹೆಚ್ಚಾಗಿ ನಡೆಯುವುದಿಲ್ಲ. ಹಳೆಯ ಟ್ಯೂಬ್‌ಲೈಟ್ ಒಂದನ್ನು ಎಸೆಯದೆ ಇಟ್ಟುಕೊಳ್ಳಿ.)

ಈ ಕಟ್ಟುನಿಟ್ಟು ಎಷ್ಟು ಉಪಯೋಗಕ್ಕೆ ಬಂತೆಂದು ಗಂಗೂಬಾಯಿ ಹಾನಗಲ್ ಅವರನ್ನು ಕೇಳಿದ ಸಂಜೆ ಗೊತ್ತಾಯಿತು. ಹುಬ್ಬಳ್ಳಿ ಕಡೆಯ ಒಬ್ಬರು ತಮ್ಮ ಅಜ್ಜನ ಟ್ರಂಕಿನಿಂದ 1930ರ ದಶಕದ, ನಿಮಿಷಕ್ಕೆ 78 ಸುತ್ತು ತಿರುಗುವ ‘78ರ’ ತಟ್ಟೆಯೊಂದನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಅದರ ಪಕ್ಕಕ್ಕೆ ನಮ್ಮಲ್ಲಿದ್ದ, ಬಹಳ ವರ್ಷಗಳ ನಂತರದ ಎಲ್.ಪಿ. ಎಲ್.ಪಿ.ಯ ಆ ಗಂಭೀರ, ಗಡಸು ಕಂಠ ಕನ್ನಡಿಗರಿಗೆಲ್ಲ ಗೊತ್ತಿರುವುದೇ. 78ರಲ್ಲಿ ಹಾಡುತ್ತಿದ್ದವಳು ಮಾತ್ರ ಎಳೆಯ, ತೆಳ್ಳನೆಯ, ಮೇಲಿನ ಶ್ರುತಿಯ ಹುಡುಗಿ. ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವ ನಮ್ಮ ಕಿರಿಯ ಸದಸ್ಯ ತಕ್ಷಣ, ‘ಸರ್, ಇದು ವೇಗವಾಗಿ ಓಡುತ್ತಿದೆ, ಖಂಡಿತ’ ಎಂದ. ಒಳ್ಳೆಯ ಸಂದೇಹವೇ. ಸ್ಟ್ರೋಬ್ ಇಟ್ಟು ನೋಡಿದೆವು. 78ರ ವೃತ್ತದಲ್ಲಿ 77 ಗೆರೆ, ಅವು ನಿಂತಿದ್ದವು. ಅವನು ಬಿಡಲಿಲ್ಲ. ಹಳೆಯ ಕಾಲದಲ್ಲಿ ಮುದ್ರಿಸಿಕೊಳ್ಳುವ ಯಂತ್ರವೇ ಬೇರೆ ವೇಗದಲ್ಲಿ ತಿರುಗಿರಬಹುದಲ್ಲ ಎಂದ. ಅದೂ ನಿಜವೇ, ಹಾಗೆ ಆಗಿರುವ ತಟ್ಟೆಗಳಿವೆ.

ಆಗ ಮೃದಂಗ ನುಡಿಸುವ ಗೆಳೆಯ ಹೇಳಿದ ಮಾತು ನನಗೆ ಆ ಸಂಜೆಯ ಮುಖ್ಯ ಮಾತು. ‘ಕಂಠ ಬಿಡಿ, ತಬಲ ಕೇಳಿ. ಎಲ್.ಪಿ.ಯ ಕಂಠದಷ್ಟು ಕೆಳಗೆ ಇದನ್ನು ಇಳಿಸಬೇಕಾದರೆ ತಬಲ ಎಷ್ಟು ಇಳಿಯಬೇಕು, ಲಯ ಎಷ್ಟು ಎಳೆಯಬೇಕು?’ ಯಂತ್ರದ ವೇಗದ ಗುಂಡಿಯನ್ನು ತಗ್ಗಿಸಿ ಪರೀಕ್ಷಿಸಿದೆವು. ಕಂಠ ಅರ್ಧ ದಾರಿ ಇಳಿಯುವಷ್ಟರಲ್ಲೇ ತಬಲದ ಬಾಯಿ ಸಡಿಲಾಗಿ ಡೊಳ್ಳು ಹೊಡೆದಂತಾಯಿತು, ತಾಳ ಹಿಡಿಯುವ ಠೇಕಾ ಕಾಲೆಳೆಯತೊಡಗಿತು. ಹಾಗಾಗಿ ಬದಲಾದದ್ದು ತಟ್ಟೆಯ ವೇಗವಲ್ಲ, ಅವರ ಕಂಠವೇ. ಗಂಟಲಿನ ತೊಂದರೆ, ಅದರ ಚಿಕಿತ್ಸೆಯ ನಂತರ ಅವರ ಧ್ವನಿ ಹಾಗಾಯಿತೆಂದು ನಾವು ಓದಿದ್ದೆವು. ಆದರೆ ಅಂದು ಅದು ನಮ್ಮ ಕಿವಿಗೆ ಬಂದ ಸಂಗತಿಯಾಯಿತು. ಎರಡನೆಯ ಸಲ ಎಲ್.ಪಿ. ಹಾಕಿದಾಗ ಕೋಣೆ ಬೇರೆಯೇ ರೀತಿಯಲ್ಲಿ ಕೇಳುತ್ತಿತ್ತು. ಕಳೆದುಹೋದ ತಾರಸ್ಥಾಯಿಯ ಬದಲಿಗೆ ಆಕೆ ಮಂದ್ರದಲ್ಲಿ ಏನೆಲ್ಲ ಕಟ್ಟಿಕೊಂಡರು ಎಂಬುದರ ಮೇಲೆಯೇ ಎಲ್ಲರ ಗಮನ.

78ರ ತಟ್ಟೆಗಳಿಗೆ ಬೇರೆ ಸೂಜಿ ಬೇಕು. ಎಲ್.ಪಿ. ಸೂಜಿಯ ತುದಿ 0.0007 ಇಂಚಿನಷ್ಟು, 78ಕ್ಕೆ 0.003. ಸಣ್ಣ ಸೂಜಿ ಅಗಲ ಗೆರೆಯ ತಳಕ್ಕೆ ಬಿದ್ದು ಕಸವನ್ನಷ್ಟೇ ಓದುತ್ತದೆ. ಈ ತಟ್ಟೆಗಳದು ಅರಗಿನ ಮೈ, ಆಲ್ಕೋಹಾಲ್ ಇರುವ ಯಾವ ದ್ರಾವಣವನ್ನೂ ಹಾಕಬಾರದು, ಮೇಲ್ಮೈ ಕರಗಿಹೋಗುತ್ತದೆ. ವಿನೈಲನ್ನು ನಾವು ಡಿಸ್ಟಿಲ್ಡ್ ನೀರು, ಮೃದುವಾದ ಬ್ರಷ್‌ನಿಂದ ತೊಳೆಯುತ್ತೇವೆ. ಬೆಂಗಳೂರಿನ ಬೋರ್‌ವೆಲ್ ನೀರು ಮಾತ್ರ ಬೇಡ, ಒಣಗಿದ ಮೇಲೆ ಉಪ್ಪು ಗೆರೆಯಲ್ಲೇ ಉಳಿಯುತ್ತದೆ.

ಹತ್ತಿಂಚಿನ 78ರ ಒಂದು ಮುಖಕ್ಕೆ ಮೂರು ನಿಮಿಷದ ಆಸುಪಾಸು ಮಾತ್ರ. ಮಲ್ಲಿಕಾರ್ಜುನ ಮನ್ಸೂರರಂಥವರು ತಾರುಣ್ಯದಲ್ಲಿ ಹಾಡಿದ್ದು ಈ ಮೂರು ನಿಮಿಷಕ್ಕೆ. ಇಂಥ ತಟ್ಟೆ ಹಾಕಿದ ದಿನ ನಾವು ಕೇಳುವ ಪ್ರಶ್ನೆ ಒಂದೇ: ಏನನ್ನು ಬಿಟ್ಟರು? ಆಲಾಪ ಎಷ್ಟು ಸೆಕೆಂಡು, ವೇಗದ ತಾನ ಎಲ್ಲಿ ಬಂತು, ಮುಖ ತುಂಬುತ್ತ ಬಂತೆಂದು ಗೊತ್ತಾದಾಗ ಹೇಗೆ ಮುಗಿಸಿದರು? ಅವಸರದ ಸುಳಿವಿಲ್ಲದೆ ತಾಳದ ಮೊದಲ ಪೆಟ್ಟಾದ ಸಮಕ್ಕೆ ಬಂದು ನಿಲ್ಲುವ ಆ ಕೊನೆಯ ಆವರ್ತನವನ್ನು ನಾವು ಮೂರು ನಾಲ್ಕು ಸಲ ಕೇಳಿದ್ದೂ ಉಂಟು.

ಮಾತಿಗೆ ನಮ್ಮಲ್ಲಿ ಕೆಲವು ಕಟ್ಟಳೆಗಳಿವೆ. ಹಿಡಿಸಿತೋ ಇಲ್ಲವೋ ಎನ್ನುವುದಕ್ಕೆ ಮೊದಲು ಏನು ಕೇಳಿಸಿತು ಎಂದು ಹೇಳಬೇಕು. ತಟ್ಟೆ ತಂದವರು ಕೊನೆಯಲ್ಲಿ ಮಾತನಾಡಬೇಕು, ಇಲ್ಲದಿದ್ದರೆ ಉಳಿದವರು ಅವರ ಪ್ರೀತಿಗೆ ಮಣಿದು ಸುಮ್ಮನಾಗುತ್ತಾರೆ. ಸಂಗೀತ ಬಲ್ಲವರು ಬಾರದವರಿಗಿಂತ ಆಮೇಲೆ. ಇದನ್ನು ನಾನು ಹಟ ಹಿಡಿದು ಪಾಲಿಸುತ್ತೇನೆ, ಏಕೆಂದರೆ ರಾಗದ ಹೆಸರು ಒಮ್ಮೆ ಬಾಯಿಗೆ ಬಂದ ಮೇಲೆ ಬಾರದವರು ಬಾಯಿ ಬಿಡುವುದಿಲ್ಲ. ನನ್ನ ಅನುಭವದಲ್ಲಿ ಬಹಳ ಸಲ ಒಳ್ಳೆಯ ಮಾತು ಬಂದಿರುವುದು ಅವರಿಂದಲೇ. ಜಾಕೆಟ್ಟಿನ ಹಿಂಬದಿಯ ಬರಹವನ್ನು ಮೊದಲ ಕೇಳ್ಮೆಯ ನಂತರವೇ ಗಟ್ಟಿಯಾಗಿ ಓದುತ್ತೇವೆ, ಪಕ್ಕವಾದ್ಯದವರ ಹೆಸರನ್ನು ಬಿಡದೆ. ಕೋಡುಬಳೆ, ಕಾಫಿ ಇಡುವುದು ರೆಕಾರ್ಡುಗಳಿಂದ ದೂರದ ಮೇಜಿನ ಮೇಲೆ. ಕರೆಂಟ್ ಹೋದರೆ ಹತ್ತಿರ ಕುಳಿತವರು ಮೊದಲು ಸೂಜಿಯ ತೋಳನ್ನು ತಟ್ಟೆಯಿಂದ ಎತ್ತಬೇಕು.

ತಟ್ಟೆ ಎಲ್ಲಿ ಸಿಗುತ್ತದೆ ಎಂದು ಬಹಳ ಜನ ಕೇಳುತ್ತಾರೆ. ಅವೆನ್ಯೂ ರಸ್ತೆ, ಚಿಕ್ಕಪೇಟೆಯ ಭಾನುವಾರದ ಸಂತೆಯಲ್ಲಿ ಬೆಳಗ್ಗೆ ಬೇಗ ಹೋದರೆ ಈಗಲೂ ಸಿಗುತ್ತದೆ. ತಟ್ಟೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಸೊಟ್ಟಗಾಗಿದೆಯೇ ನೋಡಿ. ಬಿಸಿಲಿಗೆ ಓರೆಯಾಗಿ ಹಿಡಿದರೆ ಸವೆದ ಗೆರೆಗಳು ಹೊಳಪು ಕಳೆದುಕೊಂಡು ಬೂದು ಬಣ್ಣಕ್ಕೆ ತಿರುಗಿರುವುದು ಕಾಣುತ್ತದೆ. ನಡುವಿನ ತೂತಿನ ಸುತ್ತ ಲೇಬಲ್ ಮೇಲೆ ಜೇಡನ ಕಾಲಿನಂಥ ಗೀಚುಗಳಿದ್ದರೆ ಆ ತಟ್ಟೆ ಬಹಳ ಸಲ ಏರಿ ಇಳಿದಿದೆ ಎಂದರ್ಥ. ಬೂಷ್ಟು ಹಿಡಿದದ್ದು ತೊಳೆದರೆ ಹೋಗಬಹುದು, ಅಡ್ಡಗೀರು ಹೋಗುವುದಿಲ್ಲ. ತಂದದ್ದನ್ನು ನೆಟ್ಟಗೆ ನಿಲ್ಲಿಸಿ ಇಡಿ.

ಮುಂದಿನ ಸಲಕ್ಕೆ ಪಿ. ಕಾಳಿಂಗರಾಯರನ್ನು ಆರಿಸಿದ್ದೇವೆ. ಅವರ ಜೊತೆಗೆ ಮೋಹನಕುಮಾರಿ, ಸೋಹನಕುಮಾರಿಯರ ದನಿ ಯಾವ ಸಾಲಿನಲ್ಲಿ ಕೂಡಿಕೊಳ್ಳುತ್ತದೆ, ಎಲ್ಲಿ ಹಿಂದೆ ಸರಿಯುತ್ತದೆ, ಕೂಡಿದಾಗ ಕವಿತೆಯ ಅರ್ಥಕ್ಕೆ ಏನಾಗುತ್ತದೆ ಎಂದು ಕೇಳುವ ಆಸೆ ನನಗಿದೆ. ಅದನ್ನು ಮೊದಲೇ ಯಾರಿಗೂ ಹೇಳುವುದಿಲ್ಲ. ಮೊದಲ ಸಲ ಅವರವರಿಗೆ ಕೇಳಿಸಿದ್ದು ಅವರವರಿಗೆ, ನನ್ನ ಪ್ರಶ್ನೆ ಕಾಫಿಯ ನಂತರಕ್ಕೆ.