ನೌಕರಿಯ ನಡುವೆ ಮ್ಯಾನೇಜ್‌ಮೆಂಟ್ ಓದು: ಯಾವ ಮಾದರಿ ಆರಿಸಬೇಕು?

ಹತ್ತು ಹನ್ನೆರಡು ವರ್ಷ ನೌಕರಿ ಮಾಡಿ ಮತ್ತೆ ಓದಲು ಹೊರಟವರು ಮೊದಲು ಸಂಸ್ಥೆಯ ಹೆಸರು ನೋಡುತ್ತಾರೆ, ಆಮೇಲೆ ಶುಲ್ಕ ನೋಡುತ್ತಾರೆ. ಇವೆರಡಕ್ಕೂ ಮೊದಲು ನೋಡಬೇಕಾದದ್ದು ತಮ್ಮ ಕ್ಯಾಲೆಂಡರನ್ನು. ಕಳೆದ ಮೂರು ತಿಂಗಳ ಶನಿವಾರ, ಭಾನುವಾರಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಆಫೀಸಿನ ತುರ್ತು ಕರೆ, ಊರಿನ ಮದುವೆ, ಮಕ್ಕಳ ಪರೀಕ್ಷೆ ಎಂದು ಕೈಬಿಟ್ಟುಹೋದ ದಿನಗಳ ಮೇಲೆ ಗೀಟು ಹಾಕಿರಿ. ಅರ್ಧದಷ್ಟು ದಿನಗಳೂ ಉಳಿಯದಿದ್ದರೆ ವಾರಾಂತ್ಯದ ಕೋರ್ಸಿಗೆ ಈ ವರ್ಷ ಸೇರದಿರುವುದೇ ಲೇಸು.

ಬನ್ನೇರುಘಟ್ಟ ರಸ್ತೆಯ ಐಐಎಂ ಬೆಂಗಳೂರನ್ನೇ ತೆಗೆದುಕೊಳ್ಳಿ. ಅಲ್ಲಿಯ ಇಪಿಜಿಪಿ ಒಂದು ವರ್ಷದ ಪೂರ್ಣಾವಧಿ ವಸತಿ ಕೋರ್ಸು. ಅದನ್ನು ಆರಿಸುವವರು ಶುಲ್ಕದ ಜೊತೆಗೆ ಕೈತಪ್ಪುವ ಒಂದು ವರ್ಷದ ಸಂಬಳವನ್ನೂ ಖರ್ಚಿನ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಪಿಜಿಪಿಇಎಂ ಎರಡು ವರ್ಷದ ವಾರಾಂತ್ಯದ ಕೋರ್ಸು; ಇಲ್ಲಿ ಸಂಬಳ ನಿಲ್ಲುವುದಿಲ್ಲ, ಆದರೆ ವೈಟ್‌ಫೀಲ್ಡ್‌ನಲ್ಲಿ ಮನೆಯಿದ್ದವರಿಗೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ವಾಹನ ದಟ್ಟಣೆ ದಾಟುವುದೇ ಒಂದು ಪಠ್ಯವಿಷಯವಾದೀತು. ಇವಲ್ಲದೆ ಕೆಲವೇ ದಿನಗಳ ಅಲ್ಪಾವಧಿ ತರಬೇತಿಗಳೂ ಇವೆ; ಬೆಲೆ ನಿಗದಿ, ಸಂಧಾನದಂಥ ಒಂದೇ ಕೌಶಲ ಬೇಕಿದ್ದವರಿಗೆ ಅಷ್ಟು ಸಾಕು.

ಕೊನೆಗೆ ಕೈಗೆ ಬರುವ ಕಾಗದ ಯಾವುದು ಎಂಬುದನ್ನು ಬಹಳ ಜನ ವಿಚಾರಿಸುವುದೇ ಇಲ್ಲ. 2017ರ ಐಐಎಂ ಕಾಯ್ದೆ ಈ ಸಂಸ್ಥೆಗಳಿಗೆ ಪದವಿ ನೀಡುವ ಅಧಿಕಾರ ಕೊಟ್ಟಿತಾದರೂ, ಅದೇ ಹೆಸರು ಹೊತ್ತ ಅಲ್ಪಾವಧಿ ತರಬೇತಿಯಿಂದ ಸಿಗುವುದು ಭಾಗವಹಿಸಿದ್ದಕ್ಕೆ ಪ್ರಮಾಣಪತ್ರ ಮಾತ್ರ. ಬಡ್ತಿಗೆ ಸ್ನಾತಕೋತ್ತರ ಪದವಿ ಕೇಳುವ ಕಡೆ ಅದು ನಡೆಯುವುದಿಲ್ಲ. ತೆರಿಗೆಯೂ ಇದೇ ಗೆರೆಯ ಮೇಲೆ ಬೇರೆಯಾಗುತ್ತದೆ. ಕೇಂದ್ರ ಪರೋಕ್ಷ ತೆರಿಗೆ ಮಂಡಳಿಯ 2019ರ ಜನವರಿಯ ಸುತ್ತೋಲೆಯ ಪ್ರಕಾರ, ಐಐಎಂಗಳಲ್ಲಿ ಪದವಿ ಅಥವಾ ಡಿಪ್ಲೊಮಾ ಕೊಡುವ, ವರ್ಷ ಅಥವಾ ಅದಕ್ಕೂ ಹೆಚ್ಚಿನ ಅವಧಿಯ ಕೋರ್ಸುಗಳಿಗೆ ಜಿಎಸ್‌ಟಿ ವಿನಾಯಿತಿ ಇದೆ, ವರ್ಷಕ್ಕಿಂತ ಕಡಿಮೆ ಅವಧಿಯ ತರಬೇತಿಗಳಿಗೆ ಇಲ್ಲ. ಆದ್ದರಿಂದ ಅಲ್ಪಾವಧಿಗೆ ಹೇಳಿದ ಶುಲ್ಕ ತೆರಿಗೆ ಸೇರಿದ್ದೋ, ಸೇರದ್ದೋ ಎಂದು ಕೇಳಿಕೊಳ್ಳಿ.

ಆನ್‌ಲೈನ್ ಓದು ತಮಗೆ ಒಗ್ಗುವುದೇ ಎಂದು ಅನುಮಾನವಿದ್ದವರು ಲಕ್ಷಗಟ್ಟಲೆ ಹಣ ಕಟ್ಟುವ ಮೊದಲು ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆ ‘ಸ್ವಯಂ’ನಲ್ಲಿ ಒಂದು ಕೋರ್ಸನ್ನು ಮುಗಿಸಿ ನೋಡಬಹುದು. ಅಲ್ಲಿ ಕಲಿಕೆಗೆ ಶುಲ್ಕವಿಲ್ಲ. ಪ್ರಮಾಣಪತ್ರ ಬೇಕಿದ್ದರೆ ಮಾತ್ರ ಪರೀಕ್ಷೆಗೆ ಹಣ ಕಟ್ಟಬೇಕು. ನಾಲ್ಕನೇ ವಾರಕ್ಕೇ ವಿಡಿಯೊ ನೋಡುವುದು ನಿಂತುಹೋದರೆ, ನಿಮಗೆ ಬೇಕಿರುವುದು ಎದುರಿಗೆ ಮೇಷ್ಟರಿರುವ ತರಗತಿ.

ಶುಲ್ಕವನ್ನು ಕಂಪನಿಯೇ ಭರಿಸುವುದಾದರೆ ಬಾಂಡ್‌ನ ಷರತ್ತುಗಳನ್ನು ಓದಿರಿ. ನಡುವೆ ಕೆಲಸ ಬಿಟ್ಟರೆ ಪೂರ್ತಿ ಹಣ ಮರಳಿಸಬೇಕೋ, ಉಳಿದ ತಿಂಗಳುಗಳ ಪಾಲನ್ನಷ್ಟೇ ಕೊಟ್ಟರೆ ಸಾಕೋ ಎಂಬುದನ್ನು ಸಹಿ ಹಾಕುವ ಮುನ್ನ ಬರವಣಿಗೆಯಲ್ಲಿ ಪಡೆದುಕೊಳ್ಳಿ.