ಮಲೆನಾಡಲ್ಲಿ ಮೊದಲ ಬೈಕು ತಗೊಳ್ಳೋರಿಗೆ: ಮೈಲೇಜ್ ಆಮೇಲೆ, ಮನೆ ಹತ್ತಿರದ ಏರು ಮೊದಲು

ಮೊದಲ ಸಲ ಬೈಕು ತಗೊಳ್ಳೋರು ಶೋರೂಮಿಗೆ ಹೋಗಿ ಕೇಳುವ ಮೊದಲ ಮಾತು "ಮೈಲೇಜ್ ಎಷ್ಟು ಕೊಡುತ್ತೆ?" ಎರಡನೇ ಮಾತು "ಆನ್ ರೋಡ್ ಎಷ್ಟಾಗುತ್ತೆ?" ಎರಡೂ ಕೇಳಬೇಕಾದ್ದೇ. ಆದರೆ ನಮ್ಮ ಕಡೆಯವರು ಇವೆರಡಕ್ಕೂ ಮೊದಲು ನೋಡಬೇಕಾದ್ದು ಶೋರೂಮಲ್ಲಿ ಇಲ್ಲ. ಡಾಂಬರು ರೋಡು ಬಿಟ್ಟು ನಿಮ್ಮ ಅಂಗಳ ಮುಟ್ಟುವ ತನಕ ಇರುವ ಆ ಅರ್ಧ ಕಿಲೋಮೀಟರ್ ನೋಡಿ, ಅದೂ ಬೇಸಿಗೆಯಲ್ಲಲ್ಲ, ಜುಲೈ ತಿಂಗಳಲ್ಲಿ ಹೇಗಿರುತ್ತೆ ಅಂತ ನೆನಪು ಮಾಡಿಕೊಳ್ಳಿ. ಗಾಡಿ ಆರಿಸಬೇಕಾದ್ದು ಆ ದಾರಿಗೆ.

ಶಿವಮೊಗ್ಗ ಪೇಟೆ ಒಳಗೇ ಇರುವವರಿಗೆ ಈ ತಲೆನೋವಿಲ್ಲ. ವಿನೋಬನಗರದಿಂದ ದುರ್ಗಿಗುಡಿಗೆ, ಗೋಪಾಳದಿಂದ ಬಸ್ ಸ್ಟ್ಯಾಂಡಿಗೆ ಓಡಾಡೋಕೆ ಯಾವ 100 ಸಿಸಿ (ಸಿಸಿ ಅಂದರೆ ಇಂಜಿನ್ ಗಾತ್ರ) ಗಾಡಿಯಾದರೂ ಆಗುತ್ತೆ, ಕಣ್ಣಿಗೆ ಹಿಡಿಸಿದ್ದು ತಗೊಳ್ಳಿ. ಭದ್ರಾವತಿಯಿಂದ ಮಾಚೇನಹಳ್ಳಿಗೆ ಕೆಲಸಕ್ಕೆ ಹೋಗುವವರದ್ದು ಬೇರೆ ಲೆಕ್ಕ. ಅಲ್ಲಿ ಹೈವೇ, ಲಾರಿಗಳು ಪಕ್ಕದಲ್ಲೇ ಸುಯ್ ಅಂತ ಹೋಗುತ್ತವೆ, ಓವರ್‌ಟೇಕ್ ಮಾಡುವಾಗ ಸ್ವಲ್ಪ ಶಕ್ತಿ ಬೇಕು, ಹಾಗಾಗಿ 125 ಒಳ್ಳೇದು. ಇನ್ನು ತೀರ್ಥಹಳ್ಳಿ, ಹೊಸನಗರ, ಸಾಗರದ ಆಚೆ ಈಚೆ ತೋಟದ ನಡುವೆ ಮನೆ ಇರುವವರು ಇದಾರಲ್ಲ, ಮುಂದಿನದ್ದು ಹೆಚ್ಚಾಗಿ ಅವರಿಗೇ.

ಮೈಲೇಜಿನ ವಿಷಯ ಮೊದಲು ಮುಗಿಸಿಬಿಡೋಣ. ಒಂದು ಗಾಡಿ ಲೀಟರಿಗೆ 60 ಕೊಡುತ್ತೆ, ಇನ್ನೊಂದು 50 ಅಂತ ಇಟ್ಟುಕೊಳ್ಳಿ. ದಿನಾ 60 ಕಿಲೋಮೀಟರ್ ಓಡಿಸಿದರೆ ಮೊದಲನೆಯದಕ್ಕೆ ಒಂದು ಲೀಟರ್, ಎರಡನೆಯದಕ್ಕೆ 1.2 ಲೀಟರ್. ಪೆಟ್ರೋಲ್ ನೂರು ರೂಪಾಯಿ ಅಂತ ಹಿಡಿದರೆ ದಿನಕ್ಕೆ 20 ರೂಪಾಯಿ ವ್ಯತ್ಯಾಸ, ತಿಂಗಳಲ್ಲಿ 25 ದಿನಕ್ಕೆ 500. ಇದು ನೋಡಲೇಬೇಕಾದ ದುಡ್ಡು. ಅದೇ ದಿನಕ್ಕೆ ಹತ್ತೇ ಕಿಲೋಮೀಟರ್ ಓಡಾಟ ಇದ್ದರೆ? ದಿನಕ್ಕೆ ಮೂರು ರೂಪಾಯಿ ಚಿಲ್ಲರೆ. ಅಷ್ಟಕ್ಕೋಸ್ಕರ ಏರಲ್ಲಿ ಉಸಿರು ಬಿಡುವ ಗಾಡಿ ತಗೊಂಡು ಹತ್ತು ವರ್ಷ ಬೈಕೊಂಡು ಓಡಿಸೋದು ಯಾಕೆ? ಇನ್ನೊಂದು, ಕಂಪನಿ ಹೇಳುವ ಮೈಲೇಜ್ ನಮ್ಮ ಘಟ್ಟದ ರಸ್ತೆಯಲ್ಲಿ ಅಳೆದದ್ದಲ್ಲ. ದಿನವಿಡೀ ಎರಡನೇ ಮೂರನೇ ಗೇರಲ್ಲೇ ಓಡಿದರೆ ಯಾವ ಗಾಡಿಯಾದರೂ ಕಮ್ಮಿಯೇ ಕೊಡುತ್ತೆ.

ಈಗ ಏರು. ಹಿಂದೆ ಒಬ್ಬರು ಕೂತಿದ್ದಾರೆ, ಟ್ಯಾಂಕ್ ಮೇಲೆ ಒಂದು ಚೀಲ, ಸಣ್ಣ ಮಳೆ, ಎದುರಿಗೆ ಪಿಕಪ್ ಬಂತು ಅಂತ ಏರಿನ ಮಧ್ಯದಲ್ಲಿ ನಿಲ್ಲಿಸಬೇಕಾಯಿತು. ಈಗ ಹೊರಡಬೇಕು. ಕ್ಲಚ್ ಬಿಟ್ಟರೆ ಇಂಜಿನ್ ಆಫ್ ಆಗುತ್ತೆ, ಆಕ್ಸಿಲರೇಟರ್ ಜಾಸ್ತಿ ಕೊಟ್ಟರೆ ಹಿಂದಿನ ಚಕ್ರ ಪಾಚಿ ಮೇಲೆ ನಿಂತಲ್ಲೇ ತಿರುಗುತ್ತೆ, ಕಾಲು ಸರಿಯಾಗಿ ನೆಲಕ್ಕೆ ಸಿಗದಿದ್ದರೆ ಗಾಡಿ ಪಕ್ಕಕ್ಕೆ ವಾಲುತ್ತೆ. ನಮ್ಮ ಕಡೆ ಹೊಸಬರು ಬೀಳುವುದು ಸ್ಪೀಡಲ್ಲಿ ಅಲ್ಲ, ಇಲ್ಲಿ. ಇಂಥ ಕಡೆ ಕೈಹಿಡಿಯುವುದು ಮೂರು ಸಂಗತಿ: ಕಮ್ಮಿ ಸ್ಪೀಡಲ್ಲೇ ಎಳೆಯುವ ಇಂಜಿನ್, ಕಮ್ಮಿ ತೂಕ, ಎರಡೂ ಪಾದ ಊರುವಷ್ಟು ತಗ್ಗಿನ ಸೀಟು.

ಎಳೆಯುವ ಶಕ್ತಿ ಗೊತ್ತಾಗೋದು ಟಾರ್ಕ್ ನೋಡಿದರೆ. ಸ್ಪ್ಲೆಂಡರ್ ಪ್ಲಸ್ ಇದೆಯಲ್ಲ, 97.2 ಸಿಸಿ, ಟಾರ್ಕ್ ಸುಮಾರು 8 ಎನ್‌ಎಂ, ತೂಕ 112 ಕೆಜಿ ಹತ್ತಿರ. ಹೋಂಡಾ ಶೈನ್ 125 ತಗೊಂಡರೆ ಟಾರ್ಕ್ ಸುಮಾರು 11, ತೂಕ ಮಾತ್ರ ಹೆಚ್ಚುಕಮ್ಮಿ ಅಷ್ಟೇ. ಅಂದರೆ ಗಾಡಿ ಭಾರ ಆಗದೆ ಎಳೆತ ಜಾಸ್ತಿ ಸಿಕ್ಕಿತು. ಒಬ್ಬರೇ ಓಡಾಡೋದಾದರೆ 100 ಸಾಕು, ಮೊದಲ ಗೇರಲ್ಲಿ ಅದು ಎಂಥ ಏರನ್ನೂ ಹತ್ತುತ್ತೆ. ದಿನಾ ಇಬ್ಬರು, ಜೊತೆಗೆ ಡೈರಿಗೆ ಹಾಲಿನ ಕ್ಯಾನು, ವಾರಕ್ಕೊಮ್ಮೆ ಸೊಸೈಟಿಯಿಂದ ಹಿಂಡಿ ಮೂಟೆ ಅಂತಾದರೆ 125 ತಗೊಳ್ಳಿ. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಸಾಮಾನು ಹೊರೋದೇ ಮುಖ್ಯ ಕೆಲಸವಾದರೆ ಬೈಕೇ ಬೇಡ ಅನ್ನಬಹುದು. ಟಿವಿಎಸ್ ಎಕ್ಸೆಲ್ 100 ನೋಡಿ ನಗುವವರು ಅದರಲ್ಲಿ ಅಡಿಕೆ ಮೂಟೆ ಹೇರಿದ್ದನ್ನು ನೋಡಿಲ್ಲ. ಗೇರಿಲ್ಲ, ಕ್ಲಚ್ಚಿಲ್ಲ, ಕಾಲ ಮುಂದೆ ಚೀಲ ಇಡೋಕೆ ಜಾಗ. ದೂರದ ಓಡಾಟಕ್ಕೆ ಮಾತ್ರ ಅದು ಅಲ್ಲ. ಸ್ಕೂಟರ್ ಪೇಟೆಗೆ ಚೆನ್ನ, ಆದರೆ ಆಕ್ಟಿವಾ 110ರ ಹಿಂದಿನ ಚಕ್ರ ಹತ್ತೇ ಇಂಚು, ದಿನನಿತ್ಯ ಓಡಾಟದ ಕಮ್ಯೂಟರ್ ಬೈಕುಗಳದ್ದು 17 ಅಥವಾ 18. ಆಗಸ್ಟಲ್ಲಿ ನಮ್ಮ ರಸ್ತೆಯ ಗುಂಡಿಗಳನ್ನು ನೋಡಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಸೀಟಿನ ಎತ್ತರದ ವಿಷಯದಲ್ಲಿ ಹುಡುಗರು ಎಡವೋದು ಎಕ್ಸ್‌ಪಲ್ಸ್ 200 ಬೈಕು ನೋಡಿ. ಗಾಡಿ ಒಳ್ಳೇದು, ಮಣ್ಣು ರೋಡಿಗೇ ಮಾಡಿದ್ದು, ನೆಲದಿಂದ 220 ಮಿಲಿಮೀಟರ್ ಮೇಲಿದೆ. ಆದರೆ ಸೀಟು 825 ಮಿಲಿಮೀಟರ್, ತೂಕ 160 ಕೆಜಿ ಆಸುಪಾಸು. ಐದೂವರೆ ಅಡಿ ಎತ್ತರದ ಹೊಸಬರು ಕೆಸರಲ್ಲಿ ತುದಿಗಾಲಲ್ಲಿ ನಿಂತು ಅದನ್ನು ಹಿಂದಕ್ಕೆ ತಳ್ಳಿ ನೋಡಲಿ, ಆಮೇಲೆ ಮಾತಾಡೋಣ. 785 ಆಸುಪಾಸಿನ ಸೀಟು ಕಲಿಯುವವರಿಗೆ ಸರಿ. ಮನೆ ದಾರಿಯಲ್ಲಿ ಕಲ್ಲು ಎದ್ದಿದ್ದರೆ ಗ್ರೌಂಡ್ ಕ್ಲಿಯರೆನ್ಸ್ ಕೂಡ ನೋಡಿ. ಸ್ಪ್ಲೆಂಡರಿನದ್ದು 165 ಮಿಲಿಮೀಟರ್, ಪ್ಲಾಟಿನಾ 100ರದ್ದು 200. ಸೈಲೆನ್ಸರಿನ ಅಡಿ ಕಲ್ಲಿಗೆ ಬಡಿಯುತ್ತೋ ಇಲ್ಲವೋ ಅನ್ನೋದು ಈ ಒಂದೂವರೆ ಇಂಚಲ್ಲಿ ಇರುತ್ತೆ.

ಇನ್ನೊಂದು ವಿಷಯ ಯಾರೂ ಕೇಳೋದಿಲ್ಲ: ಚೈನ್ ಕವರ್. ಹೊಸ ಸ್ಟೈಲಿನ ಕೆಲವು ಗಾಡಿಗಳಲ್ಲಿ ಚೈನಿನ ಮೇಲೆ ಅರ್ಧ ಪಟ್ಟಿ ಮಾತ್ರ ಇರುತ್ತೆ, ನೋಡೋಕೆ ಚೆಂದ. ಹಳೆ ಮಾದರಿ ಕಮ್ಯೂಟರ್‌ಗಳಲ್ಲಿ ಚೈನನ್ನು ಸುತ್ತ ಮುಚ್ಚಿರುತ್ತಾರೆ. ನಮ್ಮ ಕೆಂಪು ಮಣ್ಣು ನೀರಲ್ಲಿ ಕಲಸಿ ಚೈನಿಗೆ ಮೆತ್ತಿಕೊಂಡರೆ ಆಯಿಲ್ ಜೊತೆ ಸೇರಿ ಅರೆಯೋಕೆ ಶುರು ಮಾಡುತ್ತೆ. ಒಂದೇ ಮಳೆಗಾಲಕ್ಕೆ ಚೈನು ಜೋತು ಬಿದ್ದು ಕಟಕಟ ಅನ್ನುತ್ತೆ, ಸ್ಪ್ರಾಕೆಟ್ (ಚೈನು ಕೂರುವ ಹಲ್ಲಿನ ಚಕ್ರ) ಹಲ್ಲು ಕೊಕ್ಕೆ ಹಾಗೆ ಬಾಗುತ್ತೆ. ಪೂರ್ತಿ ಕವರ್ ಇದ್ದರೆ ಈ ಖರ್ಚು ಎಷ್ಟೋ ಮುಂದೆ ಹೋಗುತ್ತೆ. ಹಿಂದೆ ಸೀರೆ ಉಟ್ಟ ಅಮ್ಮನೋ ಅತ್ತೆಯೋ ಕೂರುವವರಾದರೆ ಅದಕ್ಕೂ ಇದೇ ಒಳ್ಳೇದು. ಹಾಗೇ ಮುಂದಿನ ಮಡ್‌ಗಾರ್ಡಿಗೂ ಟಯರಿಗೂ ನಡುವೆ ಬೆರಳು ಹಾಕಿ ನೋಡಿ. ಜಾಗ ತೀರಾ ಕಮ್ಮಿ ಇದ್ದರೆ ರಾಡಿ ಕಟ್ಟಿಕೊಂಡು ಚಕ್ರ ತಿರುಗೋದೇ ನಿಲ್ಲುತ್ತೆ, ಕೋಲು ಹಿಡಿದು ಕೆರೆಯುತ್ತಾ ಕೂರಬೇಕು.

ಬ್ರೇಕು. 2019ರ ಏಪ್ರಿಲಿಂದ 125 ಸಿಸಿ ಮೇಲಿನ ಗಾಡಿಗಳಿಗೆ ಎಬಿಎಸ್ ಕಡ್ಡಾಯ ಆಯಿತು, 125ರ ತನಕದವಕ್ಕೆ ಸಿಬಿಎಸ್ ಆದರೂ ಇರಬೇಕು ಅಂತಾಯಿತು. ಸಿಬಿಎಸ್ ಅಂದರೆ ಕಾಲಿನ ಬ್ರೇಕ್ ಒತ್ತಿದಾಗ ಮುಂದಿನದ್ದೂ ಸ್ವಲ್ಪ ಹಿಡಿಯುತ್ತೆ, ಅಷ್ಟೇ. ಚಕ್ರ ಲಾಕ್ ಆಗೋದನ್ನು ಅದು ತಪ್ಪಿಸೋದಿಲ್ಲ. ಎಬಿಎಸ್ ತಪ್ಪಿಸುತ್ತೆ, ಆದರೆ ಸಿಂಗಲ್ ಚಾನೆಲ್ ಅಂದರೆ ಮುಂದಿನ ಚಕ್ರಕ್ಕೆ ಮಾತ್ರ. ವರ್ಷದಲ್ಲಿ ನಾಲ್ಕು ತಿಂಗಳು ಒದ್ದೆ ರಸ್ತೆಯಲ್ಲೇ ಓಡಿಸುವವರು ಮುಂದೆ ಡಿಸ್ಕ್ ಇರುವುದಕ್ಕೆ ಸ್ವಲ್ಪ ದುಡ್ಡು ಜಾಸ್ತಿ ಕೊಟ್ಟರೂ ನಷ್ಟ ಇಲ್ಲ. ಡ್ರಮ್ ಕೆಟ್ಟದ್ದಲ್ಲ, ಆದರೆ ಹಳ್ಳ ದಾಟಿದ ಮೇಲೆ ಒಳಗೆ ನೀರು ಹೋಗಿ ಸ್ವಲ್ಪ ಹೊತ್ತು ಹಿಡಿಯೋದೇ ಇಲ್ಲ, ಮೆಲ್ಲಗೆ ಒತ್ತಿಕೊಂಡೇ ನಾಲ್ಕು ಮಾರು ಹೋಗಿ ಒಣಗಿಸಿಕೊಳ್ಳಬೇಕು. ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಇಳಿಯುವಾಗ ಯಾವ ಬ್ರೇಕನ್ನೂ ನಂಬಿ ನ್ಯೂಟ್ರಲ್ ಮಾಡಬೇಡಿ. ಎರಡನೇ ಗೇರಲ್ಲಿ ಬಿಡಿ, ಅರ್ಧ ಕೆಲಸ ಇಂಜಿನ್ನೇ ಮಾಡುತ್ತೆ. ಪೆಟ್ರೋಲ್ ಉಳಿಸ್ತೀನಿ ಅಂತ ಆಫ್ ಮಾಡಿ ಇಳಿಯುವ ಮಹಾನುಭಾವರೂ ಇದಾರೆ, ಅವರ ಹಿಂದೆ ಹೋಗಬೇಡಿ.

ಹೆಡ್‌ಲೈಟ್ ರಾತ್ರಿ ನೋಡದೆ ಗಾಡಿ ಆರಿಸಬೇಡಿ. ಮಂಡಗದ್ದೆ ದಾಟಿದ ಮೇಲೆ ಕಾಡಿನ ರಸ್ತೆ, ತಿರುವಲ್ಲಿ ದನ ಮಲಗಿರುತ್ತೆ, ಒಮ್ಮೊಮ್ಮೆ ಕಾಡುಕೋಣವೇ ನಿಂತಿರುತ್ತೆ. ಎಲ್‌ಇಡಿ ಬೆಳಕು ಬಿಳಿ, ಚೆನ್ನಾಗಿ ಕಾಣುತ್ತೆ, ಆದರೆ ದಟ್ಟ ಮಂಜಲ್ಲಿ ಹೈ ಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ. ಲೋ ಬೀಮ್ ಎಷ್ಟು ಅಗಲಕ್ಕೆ ಬೀಳುತ್ತೆ ನೋಡಿ, ರಸ್ತೆಯ ಅಂಚು ಕಾಣಬೇಕು.

ಕಿಕ್ಕರ್ ಇದೆಯಾ ಅಂತಲೂ ಕೇಳಿ. ಹೊಸ ಗಾಡಿಗಳಲ್ಲಿ ಕೆಲವಕ್ಕೆ ಇಲ್ಲ. ಮಳೆಗಾಲದಲ್ಲಿ ನಾಲ್ಕು ದಿನ ಗಾಡಿ ತೆಗೆಯದೇ ಇದ್ದು ಬ್ಯಾಟರಿ ಇಳಿದಿದ್ದರೆ ಸೆಲ್ಫ್ ಟಿಕ್ ಟಿಕ್ ಅನ್ನುತ್ತೆ ಅಷ್ಟೇ. ಸೈಡ್ ಸ್ಟ್ಯಾಂಡ್ ಜೊತೆ ಸೆಂಟರ್ ಸ್ಟ್ಯಾಂಡೂ ಇರಲಿ. ಒದ್ದೆ ಅಂಗಳದಲ್ಲಿ ಸೈಡ್ ಸ್ಟ್ಯಾಂಡ್ ಹಾಕಿ ಒಳಗೆ ಹೋಗಿ ಕಾಫಿ ಕುಡಿದು ಬರುವಷ್ಟರಲ್ಲಿ ಅದು ಮಣ್ಣಲ್ಲಿ ಇಳಿದು ಗಾಡಿ ಮಲಗಿರುತ್ತೆ. ಚಪ್ಪಟೆ ಕಲ್ಲೋ ಹಂಚಿನ ಚೂರೋ ಒಂದು ಅಂಗಳದ ಮೂಲೆಯಲ್ಲಿ ಇಟ್ಟುಕೊಂಡಿರಿ.

ಟೆಸ್ಟ್ ರೈಡ್ ಬಗ್ಗೆ. ಶಿವಮೊಗ್ಗದ ಶೋರೂಮಿನವರು ಕೊಡುವುದು ಸಮತಟ್ಟು ರಸ್ತೆಯಲ್ಲಿ ಒಂದು ಸುತ್ತು. ಅದರಲ್ಲಿ ಎಲ್ಲಾ ಗಾಡಿಯೂ ಚೆನ್ನಾಗೇ ಇರುತ್ತೆ. ಊರಲ್ಲಿ ಅದೇ ಮಾಡೆಲ್ ಇಟ್ಟುಕೊಂಡವರನ್ನು ಹುಡುಕಿ, "ಒಂದ್ಸಲ ನಮ್ಮನೆ ಏರು ಹತ್ತಿಸಿ ನೋಡ್ತೀನಿ ಮಾರಾಯ್ರೇ" ಅಂತ ಕೇಳಿ, ಹಿಂದೆ ಅವರನ್ನೇ ಕೂರಿಸಿಕೊಂಡು ಏರಿನ ಮಧ್ಯ ನಿಲ್ಲಿಸಿ ಹೊರಡಿ. ಆ ಒಂದು ನಿಮಿಷದಲ್ಲಿ ಬೇಕಾದ್ದೆಲ್ಲ ಗೊತ್ತಾಗುತ್ತೆ. ಹಾಗೇ ನಿಮ್ಮೂರ ಮೆಕ್ಯಾನಿಕ್ ಹತ್ತಿರ ಯಾವ ಗಾಡಿಯ ಕೇಬಲ್ಲು, ಬ್ರೇಕ್ ಶೂ, ಕ್ಲಚ್ ಪ್ಲೇಟು ರೆಡಿ ಇರುತ್ತೆ ವಿಚಾರಿಸಿ. ಒಂದು ಕೇಬಲ್ಲಿಗಾಗಿ ರಿಪ್ಪನ್‌ಪೇಟೆಯಿಂದ ಶಿವಮೊಗ್ಗಕ್ಕೆ ಬಸ್ಸು ಹತ್ತೋದು ಯಾರಿಗೆ ಬೇಕು?

ಸೆಕೆಂಡ್ ಹ್ಯಾಂಡ್ ನೋಡೋದಾದರೆ ಬೆಳಿಗ್ಗೆ ಹೋಗಿ, ನಾನು ಬರೋ ತನಕ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿಡಿ. ತಣ್ಣಗಿನ ಇಂಜಿನ್ ನಿಜ ಹೇಳುತ್ತೆ. ಸೈಲೆನ್ಸರಿಂದ ನೀಲಿ ಹೊಗೆ ಬಂದರೆ ಬಿಟ್ಟುಬಿಡಿ, ಇಂಜಿನ್ ಬಿಚ್ಚಿ ಮಾಡುವ ಬೋರ್ ಕೆಲಸ ಕಾದಿದೆ. ಮೇಲಿನ ಪಾಲಿಶ್ ನೋಡಬೇಡಿ, ಬಗ್ಗಿ ಸೈಲೆನ್ಸರಿನ ಅಡಿ, ಟ್ಯಾಂಕಿನ ಅಡಿ, ಮಡ್‌ಗಾರ್ಡಿನ ಒಳಭಾಗ ನೋಡಿ, ಮಲೆನಾಡಿನ ಗಾಡಿಗೆ ತುಕ್ಕು ಅಲ್ಲಿಂದಲೇ ಶುರು. ಮುಂದಿನ ಫೋರ್ಕಲ್ಲಿ ಆಯಿಲ್ ಸೋರಿದ ಗುರುತು ಇದೆಯಾ, ಹ್ಯಾಂಡಲ್ ತಿರುಗಿಸಿದಾಗ ಮಧ್ಯದಲ್ಲಿ ತಡೆಯುತ್ತಾ ಪರೀಕ್ಷಿಸಿ. ಆರ್‌ಸಿಯಲ್ಲಿರುವ ಚಾಸಿ ನಂಬರ್ ಗಾಡಿ ಮೇಲಿರುವುದಕ್ಕೆ ತಾಳೆಯಾಗಬೇಕು, ಸಾಲ ಇದ್ದಿದ್ದರೆ ತೀರಿದೆ ಅನ್ನುವ ಬ್ಯಾಂಕಿನ ಪತ್ರ (ಎನ್‌ಒಸಿ) ಬೇಕು. ಗಾಡಿ ನಿಮ್ಮ ಹೆಸರಿಗೆ ಮಾಡಿಸುವ ಫಾರಂ 29, 30ಕ್ಕೆ ಸಹಿ ಆಗದೆ ಪೂರ್ತಿ ದುಡ್ಡು ಕೊಡಬೇಡಿ, ಅವರು ನೆಂಟರೇ ಆಗಿರಲಿ.

ಹೊಸದಕ್ಕೆ ದುಡ್ಡಿನ ಲೆಕ್ಕ ಹಾಕುವಾಗ ಎಕ್ಸ್ ಶೋರೂಂ ಬೆಲೆ ಬಿಟ್ಟು ಆನ್ ರೋಡ್ ಬೆಲೆಯ ಕೊಟೇಶನ್ ಬರೆಸಿಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ತನಕದ ಬೈಕುಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿದೆ, ಅದಕ್ಕಿಂತ ಹಿಂದಿನ ರೇಟು ಹೇಳುವವರ ಮಾತು ಈಗ ಲೆಕ್ಕಕ್ಕಿಲ್ಲ. ರೋಡ್ ಟ್ಯಾಕ್ಸು, ಐದು ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸು ಕಟ್ಟಲೇಬೇಕು. ಟೆಫ್ಲಾನ್ ಕೋಟಿಂಗು, ಸೀಟ್ ಕವರು ಬೇಡ ಅಂದರೆ ತೆಗೆಸಬಹುದು, ಕೇಳಿ. ಆ ದುಡ್ಡಲ್ಲಿ ಐಎಸ್‌ಐ ಮುದ್ರೆಯ ಎರಡು ಹೆಲ್ಮೆಟ್, ಒಂದು ಒಳ್ಳೆ ರೇನ್‌ಕೋಟ್ ಬರುತ್ತೆ. ನಮ್ಮಲ್ಲಿ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ.

ಕಲಿಯುವವರಾದರೆ ಗಾಡಿಯನ್ನು ಜನವರಿ ಫೆಬ್ರವರಿಯಲ್ಲಿ ತಗೊಳ್ಳಿ. ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಆಗಿ 30 ದಿನ ಕಳೆದ ಮೇಲೇ ಡಿಎಲ್ (ಪಕ್ಕಾ ಲೈಸೆನ್ಸ್) ಟೆಸ್ಟಿಗೆ ಹಾಕಲು ಬರೋದು, ಎಲ್‌ಎಲ್ ಆರು ತಿಂಗಳು ನಡೆಯುತ್ತೆ. ಲೈಸೆನ್ಸ್ ಗೇರ್ ಇರುವ ಗಾಡಿಗೇ ಮಾಡಿಸಿ, ಗೇರಿಲ್ಲದ್ದಕ್ಕೆ ಮಾಡಿಸಿದರೆ ಬೈಕು ಓಡಿಸೋಕೆ ಬರೋದಿಲ್ಲ. ಜನವರಿ ಫೆಬ್ರವರಿಯಲ್ಲೇ ತಗೊಂಡರೆ ಒಣ ರಸ್ತೆಯಲ್ಲಿ ಮೂರ್ನಾಲ್ಕು ತಿಂಗಳು ಕೈ ಕೂರುತ್ತೆ, ಮೊದಲ ಸರ್ವೀಸೂ ಮುಗಿದಿರುತ್ತೆ. ಜೂನಲ್ಲಿ ಮಳೆ ಹಿಡಿಯುವ ಮೊದಲು ಚೈನ್ ಬಿಗಿ ಮಾಡಿಸಿ, ಬ್ರೇಕ್ ಅಡ್ಜಸ್ಟ್ ಮಾಡಿಸಿ, ಮೊದಲ ಒಂದು ವಾರ ಹಿಂದೆ ಯಾರನ್ನೂ ಕೂರಿಸದೆ ಒಬ್ಬರೇ ಓಡಿಸಿ.